ಅರ್ಧ ಹಾಲ್ ಎಂದರೆ ಎಷ್ಟು ಜನ? ಮುಚ್ಚಿದ್ದ ಸಭಾಂಗಣ ತೆರೆಯುವವರಿಗೆ

ಕೊರೊನಾದಿಂದಾಗಿ ಮುಚ್ಚಿದ್ದ ಮಹಾರಾಷ್ಟ್ರದ ಚಿತ್ರಮಂದಿರ, ನಾಟಕಮಂದಿರಗಳನ್ನು 2020ರ ನವೆಂಬರ್ 5ರಿಂದ ಅರ್ಧ ಆಸನಗಳ ಮಿತಿಯಲ್ಲಿ ತೆರೆಯಲು ಅಪ್ಪಣೆಯಾಯಿತು. ಎರಡನೆಯ ಅಲೆಗೆ ಮತ್ತೆ ಬಾಗಿಲು ಬಿತ್ತು. 2021ರ ಅಕ್ಟೋಬರ್ 22ಕ್ಕೆ ಮತ್ತೆ ತೆರೆದಾಗಲೂ ಅದೇ ಅರ್ಧ. ನಿರ್ಬಂಧಗಳೆಲ್ಲ ಪೂರ್ತಿ ಹೋದದ್ದು 2022ರ ಏಪ್ರಿಲ್ 2ರ ಯುಗಾದಿಗೆ. ಸರಕಾರ ಕೊಡುವುದು ತಾರೀಕು ಮತ್ತು ಒಂದು ಶೇಕಡಾವಾರು ಅಂಕಿ, ಅಷ್ಟೇ. ಆ ಅಂಕಿಯನ್ನು ನಮ್ಮ ಕಟ್ಟಡ ತಾಳುತ್ತದೆಯೇ ಎನ್ನುವ ಲೆಕ್ಕವನ್ನು ಮುಂಬಯಿಯ ನಮ್ಮಂಥ ಸಂಘಗಳ ಸಮಿತಿಯೇ ಮಾಡಬೇಕು. ಮಾಟುಂಗದ ಮೈಸೂರು ಅಸೋಸಿಯೇಶನ್, ಮಾಹಿಮ್‌ನ ಕರ್ನಾಟಕ ಸಂಘ, ಕುರ್ಲಾದ ಬಂಟರ ಭವನ, ಸಾಂತಾಕ್ರೂಜ್‌ನ ಬಿಲ್ಲವ ಭವನ ಇವುಗಳಿಂದ ಹಿಡಿದು ಡೊಂಬಿವಲಿ, ಮೀರಾರೋಡ್‌ನ ಸಣ್ಣ ಬಾಡಿಗೆ ಹಾಲ್‌ಗಳವರೆಗೆ ನಮ್ಮ ಕಾರ್ಯಕ್ರಮಗಳು ನಡೆಯುವ ಒಂದೊಂದು ಜಾಗದ ಕಟ್ಟಡ ಒಂದೊಂದು ಥರ. ಮುಂದಿನ ಸಲಕ್ಕೆ ಬೇಕಾಗುತ್ತದೆ ಎಂದೇ ಇದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ.

ಮೊದಲು ಕುರ್ಚಿಯ ಲೆಕ್ಕ. ಅರ್ಧ ಜನ ಮತ್ತು ಆರು ಅಡಿ ಅಂತರ, ಇವೆರಡನ್ನೂ ಆಗ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಆದರೆ ಇವೆರಡು ಒಟ್ಟಿಗೆ ಹೋಗುವುದಿಲ್ಲ. ಜೋಡಿಸಿದ ಕುರ್ಚಿ ಸಾಮಾನ್ಯವಾಗಿ 55 ಸೆಂಟಿಮೀಟರ್ ಅಗಲ, ಸಾಲಿನಿಂದ ಸಾಲಿಗೆ 90 ಸೆಂಟಿಮೀಟರ್. ಆರು ಅಡಿ, ಅಂದರೆ 1.8 ಮೀಟರ್ ಬಿಡಬೇಕಾದರೆ ಪ್ರತಿ ನಾಲ್ಕನೆಯ ಕುರ್ಚಿಯಲ್ಲಿ ಒಬ್ಬರು, ಅದೂ ಒಂದು ಬಿಟ್ಟು ಒಂದು ಸಾಲಿನಲ್ಲಿ. ಎಂಟರಲ್ಲಿ ಒಂದು ಕುರ್ಚಿ ತುಂಬಿತು. 300 ಆಸನದ ಹಾಲ್‌ನಲ್ಲಿ 38 ಜನ! ಒಂದು ಬಿಟ್ಟು ಒಂದು ಕುರ್ಚಿಗೆ ‘ಇಲ್ಲಿ ಕೂರಬೇಡಿ’ ಎಂದು ಪಟ್ಟಿ ಅಂಟಿಸಿದರೆ 150 ಜನ ಹಿಡಿಯುತ್ತಾರೆ, ಆದರೆ ನಡುವೆ ಉಳಿಯುವುದು ಮೂರೂವರೆ ಅಡಿ ಮಾತ್ರ. ಹಾಗಾದರೆ 150 ಜನ ಕೂರಬಾರದೇ? ಕೂರಬಹುದು, ಆದರೆ ಅಂತರ ಕಾಪಾಡುತ್ತದೆ ಎಂಬ ಭ್ರಮೆಯಲ್ಲಿ ಅಲ್ಲ. ಹತ್ತಿರದಿಂದ ನೇರವಾಗಿ ಬರುವ ಹನಿಗಳಿಗಷ್ಟೇ ಅಂತರ ಮದ್ದು. ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುವ ಸಣ್ಣ ಕಣಗಳಿಗೆ ಗಾಳಿಯೇ ಮದ್ದು. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬಲ್ಲಿ ಒಂದು ಗಾಯನ ತಂಡ ಎರಡೂವರೆ ಗಂಟೆ ಅಭ್ಯಾಸ ಮಾಡಿತು. ಸೇರಿದ್ದ 61 ಜನರಲ್ಲಿ 53 ಮಂದಿಗೆ ಸೋಂಕು ತಗುಲಿತು ಎಂದು ಲೆಕ್ಕ ಹಾಕಿದ್ದಾರೆ. ಭಜನೆ, ಭಾಗವತಿಕೆ, ತಾಳಮದ್ದಳೆ ನಡೆಸುವ ನಾವು ಈ ಘಟನೆಯನ್ನು ಮರೆಯಬಾರದು.

ಗಾಳಿಯ ಲೆಕ್ಕ ಕಷ್ಟದ್ದಲ್ಲ. ಒಳಗಿನ ಗಾಳಿಯಲ್ಲಿ ಜನರು ಬಿಟ್ಟ ಉಸಿರು ಎಷ್ಟಿದೆ ಎಂಬುದನ್ನು ಇಂಗಾಲದ ಡೈಆಕ್ಸೈಡ್ ಮಟ್ಟದಿಂದ ತಿಳಿಯಬಹುದು. ಸುಮ್ಮನೆ ಕುಳಿತ ಒಬ್ಬ ವ್ಯಕ್ತಿ ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಒಬ್ಬೊಬ್ಬರಿಗೂ ಸೆಕೆಂಡಿಗೆ 10 ಲೀಟರ್ ಹೊರಗಿನ ಗಾಳಿ ಒಳಬಂದರೆ ಒಳಗಿನ ಮಟ್ಟ ಹೊರಗಿನ 420ಕ್ಕಿಂತ 500 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ) ಮೇಲೆ, ಅಂದರೆ 920ರ ಆಸುಪಾಸಿನಲ್ಲಿ ನಿಲ್ಲುತ್ತದೆ. 20 ಮೀಟರ್ ಉದ್ದ, 15 ಅಗಲ, 6 ಎತ್ತರದ ಹಾಲ್ ತೆಗೆದುಕೊಳ್ಳಿ, 1,800 ಘನ ಮೀಟರ್. 150 ಜನರಿಗೆ ಗಂಟೆಗೆ 5,400 ಘನ ಮೀಟರ್ ಗಾಳಿ ಬೇಕು. ಎಕ್ಸಾಸ್ಟ್ ಫ್ಯಾನಿನ ಪ್ಲೇಟಿನಲ್ಲಿ ಬರೆದಿರುವ ಅಂಕಿ ತಡೆಯಿಲ್ಲದ ಗಾಳಿಯದು. ಜಾಲರಿ, ಧೂಳು, ಅರ್ಧ ತೆರೆದ ಶಟರ್ ಎಲ್ಲ ಕಳೆದು ನಾನು ಅದರ ಶೇಕಡಾ 65ನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇನೆ. ಹಾಗಾಗಿ ಫ್ಯಾನುಗಳ ಪ್ಲೇಟಿನ ಮೊತ್ತ 8,300 ಆಗಿರಬೇಕು. ಹಾಲ್‌ನಲ್ಲಿ ಅಷ್ಟಿಲ್ಲವೇ, ಫ್ಯಾನ್ ಹಾಕಿಸಿ, ಇಲ್ಲವೇ ಜನರನ್ನು ಕಡಿಮೆ ಮಾಡಿ. 5,400ರ ಬದಲು 2,700 ಮಾತ್ರ ಸಿಗುವ ಹಾಲ್ ತಾಳುವುದು 75 ಜನರನ್ನು, ಪರವಾನಗಿ ಏನೇ ಹೇಳಲಿ.

ಇಲ್ಲಿ ಎಡವುವ ಜಾಗಗಳು ಗೊತ್ತಿರಲಿ. ಗೋಡೆಗೆ ತೂಗುಹಾಕಿದ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಂದು ಚೂರೂ ತರುವುದಿಲ್ಲ, ಇದ್ದ ಗಾಳಿಯನ್ನೇ ತಂಪುಮಾಡಿ ತಿರುಗಿಸುತ್ತದೆ. ಆರೋಗ್ಯ ಸಚಿವಾಲಯದ ಮಾರ್ಗಸೂಚಿಯಲ್ಲಿ ಎಸಿ 24ರಿಂದ 30 ಡಿಗ್ರಿ, ಆರ್ದ್ರತೆ ಶೇಕಡಾ 40ರಿಂದ 70 ಎಂದಿತ್ತು. ರಿಮೋಟ್‌ನಲ್ಲಿ 24 ಒತ್ತಿ ಕೆಲಸ ಮುಗಿಯಿತು ಎಂದುಕೊಂಡವರು ಅದೇ ಮಾರ್ಗಸೂಚಿಯ ಮುಂದಿನ ಮಾತನ್ನು, ಹೊರಗಿನ ಗಾಳಿ ಆದಷ್ಟೂ ಒಳಬರಲಿ ಎಂಬುದನ್ನು, ಬಿಟ್ಟೇಬಿಟ್ಟರು. ಎರಡನೆಯದು, ಎಕ್ಸಾಸ್ಟ್ ಹಾಕಿ ಕಿಟಕಿ ಮುಚ್ಚುವುದು. ಹೊರಹಾಕಿದಷ್ಟು ಗಾಳಿ ಎಲ್ಲಿಂದಲೋ ಬರಲೇಬೇಕು. ಕಿಟಕಿ ಇಲ್ಲದಿದ್ದರೆ ಶೌಚಾಲಯದ ಕಡೆಯಿಂದ ಎಳೆದುಕೊಳ್ಳುತ್ತದೆ. ಮೂರನೆಯದು, ಫ್ಯಾನಿನ ಪಕ್ಕದ ಕಿಟಕಿಯನ್ನೇ ತೆರೆದಿಡುವುದು. ಗಾಳಿ ಅಲ್ಲಿಂದ ಬಂದು ಅಲ್ಲೇ ಹೋಗುತ್ತದೆ, ನಡುವಿನ ಸಾಲಿನವರಿಗೆ ಏನೂ ತಲುಪುವುದಿಲ್ಲ. ಫ್ಯಾನ್ ವೇದಿಕೆಯ ಪಕ್ಕ, ತೆರೆದ ಕಿಟಕಿ ಹಿಂದಿನ ಸಾಲಿನ ಕಡೆ ಇರಲಿ. ಪ್ರೇಕ್ಷಕರ ಗಾಳಿ ಕಲಾವಿದರ ಮೇಲೆ ಹಾದುಹೋಗದಂತೆ ಹಾಡುವವರಿಗಿಂತ ಸ್ವಲ್ಪ ಮುಂದೆ, ಗೋಡೆಯ ಮೇಲ್ಭಾಗದಲ್ಲಿ ಫ್ಯಾನ್ ಇದ್ದರೆ ಉತ್ತಮ. ಪರೀಕ್ಷೆಗೆ ಒಂದು ಊದುಬತ್ತಿ ಸಾಕು. ಖಾಲಿ ಹಾಲ್‌ನ ಸಾಲು ಸಾಲಿನಲ್ಲಿ ಹಿಡಿದು ಹೊಗೆ ಎತ್ತ ವಾಲುತ್ತದೆ ನೋಡಿ. ನೆಟ್ಟಗೆ ಮೇಲೇರಿ ಅಲ್ಲೇ ನಿಲ್ಲುವ ಜಾಗವಿದ್ದರೆ ಅಲ್ಲಿ ಒಂದು ಪೆಡೆಸ್ಟಲ್ ಫ್ಯಾನ್ ಇಟ್ಟು ಎಕ್ಸಾಸ್ಟ್ ಕಡೆಗೆ ತಿರುಗಿಸಿ. ಮಳೆಗಾಲದಲ್ಲಿ ಎರಚಲಿಗೆ ಕಿಟಕಿ ಮುಚ್ಚಲೇಬೇಕಾಗುತ್ತದೆ, ಆಗ ಜನರ ಸಂಖ್ಯೆಯನ್ನು ಇಳಿಸದೆ ಬೇರೆ ದಾರಿಯಿಲ್ಲ.

ಇಂಗಾಲದ ಡೈಆಕ್ಸೈಡ್ ಅಳೆಯುವ ಮೀಟರ್ ಕೊಳ್ಳುವುದಾದರೆ ಎನ್‌ಡಿಐಆರ್ (ಅತಿಗೆಂಪು ಬೆಳಕಿನಿಂದ ಅಳೆಯುವ) ಸೆನ್ಸರ್ ಇರುವುದನ್ನೇ ಕೊಳ್ಳಿ. ಅಗ್ಗದವು ಬೇರೆ ಆವಿಗಳನ್ನು ಅಳೆದು ಡೈಆಕ್ಸೈಡನ್ನು ಊಹಿಸುತ್ತವೆ, ಪಕ್ಕದಲ್ಲಿ ಯಾರಾದರೂ ಸ್ಯಾನಿಟೈಜರ್ ತೀಡಿಕೊಂಡರೆ ಸಾಕು, ಅಂಕಿ ಜಿಗಿಯುತ್ತದೆ. ಬಯಲಲ್ಲಿ 420ರ ಹತ್ತಿರ ತೋರಿಸುತ್ತದೆಯೇ ನೋಡಿಕೊಂಡು, ಹಾಲ್ ನಡುವೆ ಕುಳಿತವರ ತಲೆಯ ಎತ್ತರದಲ್ಲಿ ಇಡಿ. ಮೊದಲ ಅರ್ಧ ಗಂಟೆಯ ಅಂಕಿ ನೋಡಿ ನೆಮ್ಮದಿಪಡಬೇಡಿ. ದೊಡ್ಡ ಹಾಲ್‌ನಲ್ಲಿ ಅಂಕಿ ಏರಲು ಹೊತ್ತು ಹಿಡಿಯುತ್ತದೆ. ಮೇಲಿನ ಹಾಲ್‌ನಲ್ಲಿ ಎಲ್ಲ ಮುಚ್ಚಿದ್ದರೆ 150 ಜನರಿಂದ ಗಂಟೆಗೆ 1,500 ಪಿಪಿಎಂ ಏರುತ್ತದೆ, ನಮ್ಮ ಕಾರ್ಯಕ್ರಮಗಳೋ ಮೂರು ಗಂಟೆಯವು. 1,000 ದಾಟಿತೆಂದರೆ ಭಾಷಣ ನಿಲ್ಲಿಸಿ ವಿರಾಮ ಕೊಡಿ, ಬಾಗಿಲುಗಳನ್ನೆಲ್ಲ ತೆರೆಯಿರಿ. ಕೋಣೆಯ ಗಾಳಿ ಮೂರು ಸಲ ಬದಲಾದಷ್ಟು ಹೊತ್ತು ಫ್ಯಾನ್ ಓಡಿದರೆ ಹಳೆಯದರಲ್ಲಿ ಉಳಿಯುವುದು ಶೇಕಡಾ 5. ಗಂಟೆಗೆ 5,400ರ ಲೆಕ್ಕದಲ್ಲಿ ಈ 1,800ರ ಹಾಲ್‌ಗೆ ಅದು ಒಂದು ಗಂಟೆ. ಬೆಳಗಿನ ಮತ್ತು ಸಂಜೆಯ ಕಾರ್ಯಕ್ರಮಗಳ ನಡುವೆ ಕನಿಷ್ಠ ಅಷ್ಟು ಬಿಡುವಿರಲಿ.

ಹಾಲ್‌ಗಿಂತ ನನಗೆ ಹೆಚ್ಚು ಆತಂಕದ್ದು ಚೌಕಿ, ಅಂದರೆ ಯಕ್ಷಗಾನದವರು ವೇಷ ಕಟ್ಟುವ ಕೋಣೆ. ಬಣ್ಣ ಹಚ್ಚುವಾಗ ಮಾಸ್ಕ್ ಸಾಧ್ಯವಿಲ್ಲ, ವೇಷ ಕಟ್ಟಲು ಗಂಟೆಗಳು ಬೇಕು, ಸಹಾಯಕರು ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತಾರೆ. ಮುಂಬಯಿಯ ಹಾಲ್‌ಗಳ ಗ್ರೀನ್‌ರೂಮ್ ಸಾಮಾನ್ಯವಾಗಿ ವೇದಿಕೆಯ ಹಿಂದಿನ ಕಿಟಕಿಯಿಲ್ಲದ ಕೋಣೆ. 4 ಮೀಟರ್, 5 ಮೀಟರ್, ಎತ್ತರ 3 ಎಂದಿಟ್ಟುಕೊಳ್ಳಿ, 60 ಘನ ಮೀಟರ್. ಅದರಲ್ಲಿ 20 ಜನ ಬಾಗಿಲು ಹಾಕಿಕೊಂಡು ಒಂದು ಗಂಟೆ ಇದ್ದರೆ 6,000 ಪಿಪಿಎಂ ಏರಬೇಕು, ಹಾಲ್‌ಗಿಂತ ನಾಲ್ಕು ಪಟ್ಟು. ಪರಿಹಾರ ಮಾತ್ರ ಅಗ್ಗದ್ದು. ಪ್ಲೇಟಿನಲ್ಲಿ ಗಂಟೆಗೆ 1,100 ಘನ ಮೀಟರಿಗಿಂತ ಹೆಚ್ಚು ಎಂದಿರುವ ಒಂದು ಎಕ್ಸಾಸ್ಟ್, ಎದುರು ಬಾಗಿಲಿನ ಕೆಳಭಾಗದಲ್ಲಿ ಜಾಲರಿ. ಇನ್ನೂ ಒಳ್ಳೆಯದು, ಚೌಕಿಯನ್ನೇ ತೆರೆದ ಪಡಸಾಲೆಗೋ ತಾರಸಿಗೋ ಸಾಗಿಸಿ ಪರದೆ ಕಟ್ಟುವುದು, ಕೊನೆಯ ಪ್ರಸಂಗಭಾಗದಲ್ಲಿ ಬರುವ ವೇಷಧಾರಿಗಳನ್ನು ತಡವಾಗಿ ಕರೆಸುವುದು. ತಾಳಮದ್ದಳೆಗೆ ಮಾತಾಡುವ ಒಬ್ಬೊಬ್ಬ ಅರ್ಥಧಾರಿಗೂ ಒಂದೊಂದು ಮೈಕ್ ಇರಲಿ. ಒಂದೇ ಮೈಕ್ ಕೈ ಬದಲಾಯಿಸುವುದಕ್ಕಿಂತ ಎಲ್ಲರೂ ಒಂದೇ ಮೈಕಿನ ಬಳಿ ಬಾಗಿ ಗಟ್ಟಿಯಾಗಿ ಮಾತಾಡುವುದೇ ಹೆಚ್ಚು ಅಪಾಯ.

ಊಟದ ಬಗ್ಗೆ ಹೇಳಿದರೆ ಬೇಸರವಾಗಬಹುದು, ಆದರೂ ಹೇಳಬೇಕು. ಹಾಲ್‌ನಲ್ಲಿ ಮಾಸ್ಕ್ ಹಾಕಿ ಎರಡು ಗಂಟೆ ಕುಳಿತವರು ಕೆಳಗಿನ ಎಸಿ ಭೋಜನಶಾಲೆಯಲ್ಲಿ ಮಾಸ್ಕ್ ತೆಗೆದು ಎದುರುಬದುರು ಕೂರುತ್ತಾರೆ. 2020ರ ಜನವರಿಯಲ್ಲಿ ಚೀನಾದ ಗ್ವಾಂಗ್‌ಝೌ ನಗರದ ಹೋಟೆಲೊಂದರಲ್ಲಿ ಅಕ್ಕಪಕ್ಕದ ಮೂರು ಮೇಜಿನ ಮೂರು ಕುಟುಂಬಗಳ 10 ಜನರಿಗೆ ಸೋಂಕು ಕಾಣಿಸಿಕೊಂಡಿತು. ಹೊರಗಿನ ಗಾಳಿ ಬಾರದ ಆ ಕೋಣೆಯಲ್ಲಿ ಎಸಿಯ ಗಾಳಿ ಆ ಮೂರು ಮೇಜುಗಳ ನಡುವೆಯೇ ಸುತ್ತುತ್ತಿತ್ತು. ಪಂಕ್ತಿ ತಾರಸಿಯಲ್ಲೋ ಅಂಗಳದಲ್ಲೋ ಆಗಲಿ, ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಒಂದೊಂದೇ ಸಾಲು ಕೂರಲಿ. ಅದಕ್ಕೂ ಜಾಗವಿಲ್ಲದಿದ್ದರೆ ಪೊಟ್ಟಣ ಕಟ್ಟಿ ಕೊಡಿ.

ಜನರ ಸಂಖ್ಯೆ ಅರ್ಧವಾದರೆ ಗುಂಪೂ ಅರ್ಧವಾಗುತ್ತದೆ ಎಂಬ ತಪ್ಪೆಣಿಕೆ ಥೀಮ್ ಪಾರ್ಕ್‌ಗಳಲ್ಲಿ ಇನ್ನೂ ದುಬಾರಿ. ಖೋಪೋಲಿಯ ಇಮ್ಯಾಜಿಕಾ, ಗೊರಾಯಿಯ ವಾಟರ್ ಕಿಂಗ್‌ಡಮ್ ಕಡೆಗೆ ಬಸ್ ಮಾಡಿಕೊಂಡು ಹೋಗುವ ಯುವ ವಿಭಾಗದವರಿಗೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. 24 ಆಸನದ ರೈಡ್ ಎರಡು ನಿಮಿಷಕ್ಕೊಮ್ಮೆ ಹೊರಟರೆ ಗಂಟೆಗೆ 720 ಜನ. ಅರ್ಧ ಆಸನ ಖಾಲಿ ಬಿಟ್ಟು, ಪ್ರತಿ ಸಲವೂ ಹಿಡಿಕೆ ಒರೆಸಲು ಇನ್ನೆರಡು ನಿಮಿಷ ಸೇರಿಸಿದರೆ ಗಂಟೆಗೆ 180. ಟಿಕೆಟ್ ಅರ್ಧಕ್ಕಿಳಿದಿದೆ, ರೈಡ್ ಸಾಗಿಸುವ ಜನ ಕಾಲು ಭಾಗಕ್ಕಿಳಿದಿದ್ದಾರೆ. ಸಾಲಿನಲ್ಲಿ ಕಾಯುವ ಹೊತ್ತು ಇಮ್ಮಡಿ. ಆ ಸಾಲು ತಗಡಿನ ಮಾಡಿನಡಿ ಹಾವಿನಂತೆ ಸುತ್ತುವ ಕಿರಿದಾದ ದಾರಿಯಲ್ಲಿದ್ದರೆ ಅಪಾಯವಿರುವುದು ಅಲ್ಲೇ, ಬಯಲಲ್ಲಿ ಓಡುವ ರೈಡಿನಲ್ಲಿ ಅಲ್ಲ. ಒಟ್ಟಿಗೆ ಬಂದ ಕುಟುಂಬವನ್ನು ಅಕ್ಕಪಕ್ಕವೇ ಕೂರಿಸಿ, ರೈಡ್‌ನಿಂದ ರೈಡ್‌ಗೆ ಕೈ ತೊಳೆಯುವ ವ್ಯವಸ್ಥೆ ಮಾಡಿ, ಸಮಯ ನಮೂದಿಸಿದ ಚೀಟಿ ಕೊಡುವುದು ಆಸನ ಖಾಲಿ ಬಿಟ್ಟು ಹಿಡಿಕೆ ಒರೆಸುವುದಕ್ಕಿಂತ ಎಷ್ಟೋ ಮೇಲು. ಬ್ಲೀಚ್ ದ್ರಾವಣದಿಂದ ಪದೇಪದೇ ಒರೆಸಿದರೆ ಸೀಟ್‌ಬೆಲ್ಟಿನ ಲೋಹಕ್ಕೆ ತುಕ್ಕು ಹಿಡಿಯುತ್ತದೆ, ಸೋಪುನೀರು ಸಾಕು. ತಿಂಗಳುಗಟ್ಟಲೆ ಒಂದೇ ಕಡೆ ಭಾರ ಹೊತ್ತು ನಿಂತ ಪಾಲಿಯುರೆಥೇನ್ ಚಕ್ರಗಳು ಒಂದು ಬದಿಗೆ ಚಪ್ಪಟೆಯಾಗಬಹುದು. ಹಾಗಾಗಿ ಮೊದಲು ಖಾಲಿ ಓಟ, ಆಮೇಲೆ ಮರಳಿನ ಚೀಲ ಕೂರಿಸಿ ಪೂರ್ಣ ಭಾರದ ಓಟ, ಅದಾದ ಮೇಲೆ ನಡುವೆ ಸಿಲುಕಿದವರನ್ನು ಇಳಿಸುವ ತಾಲೀಮು. ಸಿಬ್ಬಂದಿಯ ಕೈಚಳಕಕ್ಕೂ ಅಷ್ಟು ದಿನದಲ್ಲಿ ತುಕ್ಕು ಹಿಡಿದಿರುತ್ತದೆ.

ಇನ್ನು ನೀರು. ಬೀಗ ಹಾಕಿದ ಕಟ್ಟಡದ ತಾರಸಿ ಟ್ಯಾಂಕಿನಲ್ಲಿ ಕ್ಲೋರಿನ್ ಇಂಗಿಹೋಗಿರುತ್ತದೆ. ಶ್ವಾಸಕೋಶಕ್ಕೆ ಸೋಂಕು ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವುದು 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ, ಮುಂಬಯಿಯ ತಾರಸಿ ವರ್ಷದ ಬಹುಪಾಲು ಆ ಬಿಸಿಯಲ್ಲೇ ಇರುತ್ತದೆ. ಟ್ಯಾಂಕ್ ಖಾಲಿ ಮಾಡಿ, ಕೆಸರು ತಿಕ್ಕಿ ತೆಗೆದು ತುಂಬಿಸಿ. 10,000 ಲೀಟರಿನ ಟ್ಯಾಂಕಿಗೆ, ಲೀಟರಿಗೆ 50 ಮಿಲಿಗ್ರಾಮಿನಂತೆ, 500 ಗ್ರಾಂ ಕ್ಲೋರಿನ್ ಬೇಕು. ಶೇಕಡಾ 33ರ ಹೊಸ ಬ್ಲೀಚಿಂಗ್ ಪೌಡರ್ ಆದರೆ ಒಂದೂವರೆ ಕಿಲೋ, ಬಾಯಿ ತೆರೆದಿಟ್ಟ ಹಳೆಯ ಚೀಲದ್ದಾದರೆ ಎರಡು ಕಿಲೋಗೂ ಸಾಲದೇ ಹೋಗಬಹುದು. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನು ಮಾತ್ರ ಹೊಯ್ಯಿರಿ. ಪ್ರತಿ ನಲ್ಲಿಯನ್ನೂ ಕ್ಲೋರಿನ್ ವಾಸನೆ ಬರುವವರೆಗೆ ಬಿಟ್ಟು ಮುಚ್ಚಿ, ಒಂದು ಗಂಟೆ ನಿಲ್ಲಿಸಿ, ಪೂರ್ತಿ ಹರಿಸಿಬಿಡಿ. ಹೊಸ ನೀರು ಬಂದ ಮೇಲೆ ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪ್ ಲೀಟರಿಗೆ 0.2 ಮಿಲಿಗ್ರಾಂ ತೋರಿಸಬೇಕು. ನೆಲದಡಿಯ ಟ್ಯಾಂಕಿಗೆ ಮಾತ್ರ ಯಾರನ್ನೂ ಹಾಗೇ ಇಳಿಸಬೇಡಿ. ಮುಚ್ಚಿದ ಟ್ಯಾಂಕಿನೊಳಗೆ ಆಮ್ಲಜನಕ ಕಡಿಮೆಯಾಗಿ ವಿಷಾನಿಲ ತುಂಬಿರಬಹುದು. ಮುಚ್ಚಳ ತೆರೆದು, ಬ್ಲೋವರ್ ಹಾಕಿ, ಹಗ್ಗ ಹಿಡಿದ ಇಬ್ಬರು ಮೇಲಿರದೆ ಇಳಿಯಕೂಡದು. ಒಬ್ಬರನ್ನು ಎತ್ತಲು ಇನ್ನೊಬ್ಬರು ಧುಮುಕಿಯೇ ಇಂಥಲ್ಲಿ ಸಾವುಗಳು ಹೆಚ್ಚುವುದು.

ಬಚ್ಚಲು, ಶೌಚಾಲಯಗಳ ನಹಾನಿ ಟ್ರ್ಯಾಪ್‌ಗಳಿಗೆ (ನೆಲದ ನೀರು ಹೋಗುವ ಕಡೆ ನೀರು ನಿಂತು ಚರಂಡಿಯ ಗಾಳಿಯನ್ನು ತಡೆಯುವ ಬಾಗು) ಒಂದೊಂದು ತಂಬಿಗೆ ನೀರು ಹಾಕಿ. ಅದರೊಳಗಿನ ಎರಡು ಇಂಚು ನೀರು ಒಣಗಿದರೆ ಚರಂಡಿಯ ಗಾಳಿ ನೇರ ಒಳಕ್ಕೆ ಬರುತ್ತದೆ. 2003ರ ಸಾರ್ಸ್ ಕಾಲದಲ್ಲಿ ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ರೋಗ ಹಬ್ಬಲು ಒಣಗಿದ ಟ್ರ್ಯಾಪ್‌ಗಳೂ ಬಚ್ಚಲಿನ ಎಕ್ಸಾಸ್ಟ್ ಫ್ಯಾನ್‌ಗಳೂ ಸೇರಿ ಕಾರಣವಾದವು ಎಂದು ತನಿಖೆಯಲ್ಲಿ ಕಂಡುಬಂತು. ಎಕ್ಸಾಸ್ಟ್ ಜೋರು ಮಾಡುವ ಮೊದಲು ಟ್ರ್ಯಾಪ್ ತುಂಬಿಸಿ ಎನ್ನುವುದು ಅದಕ್ಕೇ.

ವಿದ್ಯುತ್ತಿನದು ಚಿಕ್ಕ ಮಾತು. ಇಲಿ ಕಡಿದಿರುತ್ತದೆ, ಮಳೆಗೆ ಗೋಡೆ ಒದ್ದೆಯಾಗಿರುತ್ತದೆ. ಎಲ್ಲ ಎಂಸಿಬಿ (ಸರ್ಕ್ಯೂಟ್ ಸ್ವಿಚ್) ಇಳಿಸಿ, ಎಲೆಕ್ಟ್ರಿಷಿಯನ್‌ನಿಂದ ಮೆಗ್ಗರ್ (ತಂತಿಯ ಹೊದಿಕೆ ಗಟ್ಟಿಯಿದೆಯೇ ಎಂದು ಅಳೆಯುವ ಉಪಕರಣ) ಹಿಡಿಸಿ, ಒಂದು ಮೆಗಾಓಮ್‌ಗಿಂತ ಕಡಿಮೆ ಬಂದ ಸರ್ಕ್ಯೂಟ್ ಬಿಟ್ಟು ಉಳಿದವನ್ನು ಒಂದೊಂದಾಗಿ ಏರಿಸಿ. ಅಗ್ನಿಶಾಮಕ ಉಪಕರಣಗಳು ಸುಸ್ಥಿತಿಯಲ್ಲಿವೆ ಎಂಬ ಪ್ರಮಾಣಪತ್ರ, ಫಾರ್ಮ್ ಬಿ, ಜನವರಿ ಮತ್ತು ಜುಲೈನಲ್ಲಿ ಕೊಡಬೇಕಾದ್ದು. ಮುಚ್ಚಿದ್ದ ಅವಧಿಯಲ್ಲಿ ತಪ್ಪಿದ್ದರೆ ಮೊದಲು ಅದನ್ನು ಸರಿಮಾಡಿಸಿ.

ಒರೆಸುವ, ಸಿಂಪಡಿಸುವ ಕೆಲಸಕ್ಕೆ ನಾನು ಕೊಡುವ ಜಾಗ ಇಷ್ಟೇ: ಜನರ ಮೇಲೆ ಔಷಧ ಸಿಂಪಡಿಸಬಾರದೆಂದು ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲೇ ಹೇಳಿತ್ತು, ಬ್ಲೀಚನ್ನು ಶೌಚಾಲಯದ ಆ್ಯಸಿಡ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಆದರೆ ಸ್ಯಾನಿಟೈಜರ್ ವಿಷಯದಲ್ಲಿ ಒಂದನ್ನು ಒತ್ತಿ ಹೇಳುತ್ತೇನೆ. ನಮ್ಮ ಸಮಾರಂಭ ಶುರುವಾಗುವುದೇ ದೀಪ ಬೆಳಗಿಸಿ. ಬಾಗಿಲಲ್ಲಿ ಕೈಗೆ ಸ್ಯಾನಿಟೈಜರ್ ಹಾಕಿಕೊಂಡ ಅತಿಥಿಗಳು ನೇರ ವೇದಿಕೆಗೆ ಬಂದು ಉರಿಯುವ ಬತ್ತಿ ಹಿಡಿಯುತ್ತಾರೆ. ಸ್ಯಾನಿಟೈಜರಿನಲ್ಲಿ ಮುಕ್ಕಾಲು ಭಾಗದಷ್ಟು ಮದ್ಯಸಾರ, ಉರಿದರೆ ಜ್ವಾಲೆ ಬೆಳಕಿನಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ವೇದಿಕೆಯ ಮೇಲೆ ಬಾಟಲಿ ಬೇಡ. ಅತಿಥಿಗಳಿಗೂ ಆರತಿ ಎತ್ತುವವರಿಗೂ ಸೋಪು, ನೀರು, ಒರೆಸಲು ಕಾಗದ ಇಡಿ, ಕೈ ಪೂರ್ತಿ ಒಣಗಿದ ಮೇಲೆಯೇ ಬತ್ತಿ ಕೊಡಿ. ಕ್ಯಾನ್‌ಗಳ ದಾಸ್ತಾನು ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ಇರಬಾರದು, ಜನರೇಟರ್ ಕೋಣೆಯಲ್ಲೂ ಇರಬಾರದು. ಐದು ಲೀಟರಿನ ಒಂದು ಕ್ಯಾನ್ ಮಾತ್ರ ಬಾಗಿಲ ಬಳಿ ನೆರಳಿನಲ್ಲಿರಲಿ.