ಒದ್ದೆ ಅರಿವೆ, ಒಣ ಕಂಬಳಿ

ಪ್ರಕೃತಿ ಚಿಕಿತ್ಸೆಯಲ್ಲಿ ಹೊಟ್ಟೆಗೆ ಸುತ್ತಿದ ತಣ್ಣೀರು ಪಟ್ಟಿ ಕಾಲು ಗಂಟೆ ಕಳೆದರೂ ತಣ್ಣಗೇ ಇದ್ದರೆ ಬಿಚ್ಚಿಬಿಡಿ. ಅದು ಕೆಲಸ ಮಾಡುತ್ತಿಲ್ಲ. ತಂಪು ತಗುಲಿದಾಗ ಚರ್ಮದ ರಕ್ತನಾಳಗಳು ಕುಗ್ಗುತ್ತವೆ, ಆಮೇಲೆ ಹಿಗ್ಗಿ ರಕ್ತ ಅಲ್ಲಿಗೆ ನುಗ್ಗುತ್ತದೆ. ನಮಗೆ ಬೇಕಾದ್ದು ಆ ಎರಡನೆಯ ಬಿಸಿ.

ಒಂದಡಿ ಅಗಲದ, ಸೊಂಟಕ್ಕೆ ಎರಡು ಸುತ್ತು ಬರುವ ಹಳೇ ಹತ್ತಿ ಅರಿವೆ ಸಾಕು. ಏಪ್ರಿಲ್‌ನ ದಾವಣಗೆರೆಯಲ್ಲಿ ಮಾಳಿಗೆ ಟ್ಯಾಂಕಿನ ನೀರು ಕಾದಿರುತ್ತದೆ, ಗಡಿಗೆ ನೀರೇ ಬೇಕು. ಅದ್ದಿ, ಒಂದು ಹನಿಯೂ ಬೀಳದ ಹಾಗೆ ಹಿಂಡಿ ಸುತ್ತಿ. ಮೇಲೆ ಉಣ್ಣೆ: ಚಳ್ಳಕೆರೆ ಕಂಬಳಿಯ ತುಂಡು ಇದಕ್ಕೆ ಹೇಳಿ ಮಾಡಿಸಿದ್ದು. ಅರಿವೆಯ ಎರಡೂ ಅಂಚು ದಾಟಿ ಎರಡೆರಡು ಬೆರಳು ಕಂಬಳಿ ಮುಚ್ಚಿರಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ಸಂದಿಯಲ್ಲಿ ಗಾಳಿ ಹೊಕ್ಕರೆ ಮೈ ಬಿಸಿಯಾಗುವ ಬದಲು ನಡುಕ ಹತ್ತುತ್ತದೆ. ಪ್ಲಾಸ್ಟಿಕ್ ಸುತ್ತಿದರೆ ಬೆವರು ಕಟ್ಟಿ ತುರಿಕೆ. ಖಾಲಿ ಹೊಟ್ಟೆಯಲ್ಲಿ ಒಂದು ಗಂಟೆ ಇಟ್ಟು, ಬಿಚ್ಚಿ, ಒಣ ಟವೆಲಿನಲ್ಲಿ ಒರೆಸಿ.

ಈ ಪಟ್ಟಿಗೆ ಯುರೋಪಿನಲ್ಲಿ ಇಂದಿಗೂ ಪ್ರೀಸ್‌ನಿಟ್ಸ್ ಹೆಸರಿದೆ. ವಿನ್ಸೆಂಟ್ ಪ್ರೀಸ್‌ನಿಟ್ಸ್ (1799–1851) ರೈತನ ಮಗ, ಈಗಿನ ಜೆಕ್ ದೇಶದ ಗ್ರೆಫೆನ್‌ಬರ್ಗ್‌ನವ. ಆಮೇಲೆ ನೀರಿನ ಚಿಕಿತ್ಸೆಯನ್ನು ಬವೇರಿಯಾದ ಪಾದ್ರಿ ಕ್ನೈಪ್ ಮನೆಮನೆಗೆ ಮುಟ್ಟಿಸಿದರು. ಕ್ನೈಪ್ ದಾರಿ ಹಿಡಿದ ಬೆನೆಡಿಕ್ಟ್ ಲಸ್ಟ್ ನ್ಯೂಯಾರ್ಕಿನಲ್ಲಿ 1901ರಲ್ಲಿ ನ್ಯಾಚುರೋಪತಿ, ಅಂದರೆ ಪ್ರಕೃತಿ ಚಿಕಿತ್ಸೆಯ ಶಾಲೆ ತೆರೆದರು. ಲೈಪ್‌ಜಿಗ್‌ನ ಲೂಯಿ ಕೂನೆ ಕಟಿಸ್ನಾನದಿಂದ (ಸೊಂಟದವರೆಗೆ ನೀರಿನಲ್ಲಿ ಕೂರುವುದು) ಹೆಸರಾದರು, ಆದರೆ ರೋಗವೆಲ್ಲ ಒಂದೇ, ಮದ್ದೂ ಒಂದೇ ಎಂದುಬಿಟ್ಟರು. ಈ ಪದ್ಧತಿಗೆ ಹೊರಗಿನವರಿಗಿಂತ ಹೆಚ್ಚು ಹಾನಿ ಮಾಡಿದ್ದು ಆ ಮಾತೇ ಎಂದು ನಾವು ನಂಬಿದ್ದೇವೆ. ಅಮೆರಿಕದಲ್ಲಿ ವೈದ್ಯ ಕಾಲೇಜುಗಳನ್ನು ಪರಿಶೀಲಿಸಿದ 1910ರ ಫ್ಲೆಕ್ಸ್‌ನರ್ ವರದಿ ವೈದ್ಯ ಶಿಕ್ಷಣವನ್ನು ಬಿಗಿ ಮಾಡಿತು, ಇಂಥ ಶಾಲೆಗಳಿಗೆ ಕಷ್ಟವಾಯಿತು. 1940ರ ದಶಕದಲ್ಲಿ ಪೆನಿಸಿಲಿನ್ ಬಂದಾಗ, ನ್ಯುಮೋನಿಯಾಕ್ಕೆ ನೀರಿನ ಪಟ್ಟಿ ಯಾರಿಗೆ ಬೇಕಿತ್ತು? ಜನ ಬಿಟ್ಟಿದ್ದು ಸರಿಯೇ.

ನಮ್ಮಲ್ಲಿ ಇದು ಉಳಿದದ್ದು ಗಾಂಧೀಜಿಯಿಂದ. ಕೂನೆ ಮತ್ತು ಜರ್ಮನಿಯ ಇನ್ನೊಬ್ಬ ಪ್ರಕೃತಿ ಚಿಕಿತ್ಸಕ ಯೂಸ್ಟ್ ಅವರನ್ನು ಓದಿ ದಕ್ಷಿಣ ಆಫ್ರಿಕದಲ್ಲೇ ಮಣ್ಣಿನ ಪಟ್ಟಿ ಹಾಕಿ ನೋಡಿದ್ದ ಅವರು 1946ರಲ್ಲಿ ಪುಣೆ ಬಳಿಯ ಉರುಳಿಕಾಂಚನದಲ್ಲಿ ಆಶ್ರಮ ಶುರು ಮಾಡಿದರು. ಉಜಿರೆಯಲ್ಲಿ 1989ರಲ್ಲಿ ಪ್ರಕೃತಿ ಚಿಕಿತ್ಸೆಯ ಕಾಲೇಜು ಬಂತು. ಆಯುರ್ವೇದ, ಯೋಗ, ಪ್ರಕೃತಿ ಚಿಕಿತ್ಸೆ ಮುಂತಾದವನ್ನು ನೋಡಿಕೊಳ್ಳುವ ಆಯುಷ್ 2014ರಲ್ಲಿ ಕೇಂದ್ರದಲ್ಲಿ ಪ್ರತ್ಯೇಕ ಸಚಿವಾಲಯವಾಯಿತು. ಸಕ್ಕರೆ ಕಾಯಿಲೆ, ಬೊಜ್ಜು, ಬೆನ್ನುನೋವಿನಂಥ ಬೇಗ ಬಿಡದ ಕಾಯಿಲೆಗಳು ಹೆಚ್ಚಿದಂತೆ ಜನ ಮತ್ತೆ ಇತ್ತ ತಿರುಗಿದ್ದಾರೆ.

ಮಣ್ಣಿನ ಪಟ್ಟಿಗೆ ನಮ್ಮ ಎರೆಮಣ್ಣು ನೀರನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಮೆಕ್ಕೆಜೋಳ, ಹತ್ತಿ ಬೆಳೆದ ಹೊಲದ ಮೇಲ್ಮಣ್ಣಿನಲ್ಲಿ ಔಷಧಿ, ಗೊಬ್ಬರ ಇಳಿದಿರುತ್ತದೆ. ಬೀಳು ನೆಲದಲ್ಲಿ ಮೂರು-ನಾಲ್ಕು ಅಡಿ ಅಗೆದು ತೆಗೆಯಿರಿ. ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ರಾತ್ರಿ ನೆನೆಹಾಕಿ. ಬೆಳಿಗ್ಗೆ ಚಪಾತಿ ಹಿಟ್ಟಿಗಿಂತ ತುಸು ಸಡಿಲವಿರಲಿ. ಅರಿವೆಯ ಮೇಲೆ ಅರ್ಧ ಇಂಚು ದಪ್ಪ ಹರಡಿ, ಹೊಕ್ಕುಳಿನಿಂದ ಕೆಳಗೆ 20–30 ನಿಮಿಷ. ಅಂಚು ಬಿರುಕು ಬಿಟ್ಟಿದ್ದರೆ ಹೊತ್ತು ಮೀರಿದೆ. ಗಾಯ, ಮುಟ್ಟು, ಬಸಿರು, ಚಳಿಜ್ವರ ಇದ್ದಾಗ ಬೇಡ. ಇನ್ಸುಲಿನ್ ತಗೊಳ್ಳುವವರು ಇದರ ಜೊತೆ ಉಪವಾಸವನ್ನೂ ಸೇರಿಸಿಕೊಂಡರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಡೋಸ್ ಕೊಟ್ಟ ಡಾಕ್ಟರನ್ನು ಕೇಳದೆ ಊಟ ಬಿಡಬೇಡಿ.