ವಿಧವೆಯ ಎಣ್ಣೆ, ಓಣಿಯವರ ಭಾಂಡೆ

ಪ್ರವಾದಿ ಎಲೀಷ ಮತ್ತು ಎಣ್ಣೆಯ ಕಥೆ ನಮ್ಮ ಬೀದರ್ ಕಡೆಯ ಕ್ರೈಸ್ತ ಸಭೆಗಳಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಸತ್ಯವೇದದಲ್ಲಿ (ಬೈಬಲಿನಲ್ಲಿ) 2 ಅರಸುಗಳು 4ನೇ ಅಧ್ಯಾಯ, ಮೊದಲ ಏಳೇ ವಚನ. ಸಾಲದಲ್ಲಿ ಸಿಕ್ಕ ಒಬ್ಬ ವಿಧವೆ ಎಲೀಷನ ಹತ್ತಿರ ಬರುತ್ತಾಳೆ, ಮನೆಯಲ್ಲಿ ಇರುವುದು ಸ್ವಲ್ಪ ಎಣ್ಣೆ ಮಾತ್ರ. ನೆರೆಯವರಿಂದ ಖಾಲಿ ಪಾತ್ರೆ ಕೇಳಿ ತಂದು ಅದನ್ನು ಹೊಯ್ಯಿ ಅನ್ನುತ್ತಾನೆ ಅವನು, ಪಾತ್ರೆಗಳೆಲ್ಲ ತುಂಬುತ್ತವೆ. ಪ್ರಸಂಗದಲ್ಲಿ ಸಾಮಾನ್ಯವಾಗಿ ಕೇಳುವ ಮಾತು, ನಂಬಿಕೆ ಎಷ್ಟು ದೊಡ್ಡದೋ ಅಷ್ಟು ಎಣ್ಣೆ ಸಿಗುತ್ತದೆ ಅನ್ನೋದು. ನನಗೆ ಇದು ಒಪ್ಪಿಗೆಯಿಲ್ಲ. ಈ ಕಥೆ ಶುರುವಾಗುವುದು ಸಾಲದಿಂದ, ಮುಗಿಯುವುದೂ ಸಾಲ ತೀರಿದ ಮೇಲೆ. ಅದನ್ನು ಬಿಟ್ಟು ಎಣ್ಣೆಯನ್ನಷ್ಟೇ ನೋಡಿದರೆ ಆ ತಾಯಿಗೆ ಅನ್ಯಾಯ ಮಾಡಿದ ಹಾಗೆ.

ಆಕೆಯ ಗಂಡ ಪ್ರವಾದಿಗಳ ಗುಂಪಿನವನು, ದೇವರಿಗೆ ಅಂಜಿ ನಡೆದವನು. ಸತ್ತುಹೋದ. ಸಾಲ ಕೊಟ್ಟವನು ಬಂದು ಎರಡು ಗಂಡುಮಕ್ಕಳನ್ನು ಜೀತಕ್ಕೆ ಒಯ್ಯುತ್ತೇನೆ ಅಂದ. ಗಂಡನ ಹೆಸರನ್ನು ಸತ್ಯವೇದ ಹೇಳುವುದಿಲ್ಲ. ಆದರೆ ಅವನು ಇಸ್ರಾಯೇಲಿನ ಅರಸ ಆಹಾಬನ ಅರಮನೆಯ ಓಬದ್ಯನೇ ಎಂದು ಜೋಸೆಫಸ್ ಎಂಬ ಹಳೆಯ ಯೆಹೂದಿ ಇತಿಹಾಸಕಾರ ಬರೆದಿದ್ದಾನೆ. ಓಬದ್ಯ ನೂರು ಮಂದಿ ಪ್ರವಾದಿಗಳನ್ನು ಐವತ್ತೈವತ್ತರಂತೆ ಗವಿಗಳಲ್ಲಿ ಅಡಗಿಸಿ ಅನ್ನನೀರು ಕೊಟ್ಟವನು. ಅವರ ಹೊಟ್ಟೆ ತುಂಬಿಸಲಿಕ್ಕೇ ಸಾಲ ಮಾಡಿದ ಅನ್ನುತ್ತಾನೆ ಜೋಸೆಫಸ್. ಇದು ಸಂಪ್ರದಾಯದ ಮಾತು, ವಚನವಲ್ಲ. ಆದರೂ ನನಗೆ ಮುಖ್ಯ ಅನಿಸುತ್ತದೆ. ಸಾಲ ಆಗಿದೆ ಅಂದರೆ ಆ ಮನೆಯವರು ದುಂದು ಮಾಡಿದ್ದಾರೆ ಅಂತ ನಾವು ಎಷ್ಟು ಬೇಗ ತೀರ್ಮಾನ ಮಾಡಿಬಿಡುತ್ತೇವೆ, ಅಲ್ವಾ?

ಹುಮನಾಬಾದ್ ಕಡೆಯ ಒಂದು ಹಳ್ಳಿಯ ಮನೆಕೂಟದಲ್ಲಿ ನಾನು ಈ ಭಾಗ ಓದಿದೆ. ಬಂದವರಲ್ಲಿ ಜಾಸ್ತಿ ಹೆಣ್ಣುಮಕ್ಕಳೇ. ತೊಗರಿ ಹೊಲದ ಕೂಲಿ ಮುಗಿಸಿ, ಕೈಕಾಲು ತೊಳೆದು ಹಾಗೇ ಬಂದಿದ್ದರು. ಪಾತ್ರೆ ಕೇಳಿ ತಾ ಎಂದು ಎಲೀಷ ಹೇಳುವ ಜಾಗಕ್ಕೆ ಬಂದಾಗ ಬಾಗಿಲ ಹತ್ತಿರ ಕೂತಿದ್ದ ಒಬ್ಬಾಕೆ ಕೇಳಿದರು: "ಅಕ್ಕೋರೆ, ವಸೂಲಿಯವ್ರು ಮನಿ ಮುಂದ ಬಂದು ಒದರಿ ಹೋದ ಮ್ಯಾಲ ಆಕಿ ಹ್ಯಾಂಗ ಮಂದಿ ಮನಿಗಿ ಹೋಗಿ ಭಾಂಡೆ ಕೇಳಿದಳ್ರಿ?"

ಯಾರೂ ಮಾತಾಡಲಿಲ್ಲ. ಹಲವರು ಸೆರಗು ಸರಿಮಾಡಿಕೊಂಡು ನೆಲ ನೋಡಿದರು. ಕಂತು ಕಟ್ಟಲಾಗದ ವಾರ ಪಕ್ಕದ ಮನೆಗೆ ಉಪ್ಪು ಕೇಳಲಿಕ್ಕೂ ಹೋಗದವರು ಅವರಲ್ಲಿದ್ದಾರೆ. ನನಗೆ ಗೊತ್ತು.

ಎಲೀಷ ಆಕೆಯನ್ನು ಕಳಿಸಿದ್ದು ಅಲ್ಲಿಗೇ. ನಾಚಿಕೆ ಎಲ್ಲಿ ಜಾಸ್ತಿಯೋ ಆ ಓಣಿಗೇ. ಅದೂ ಒಂದೆರಡು ಪಾತ್ರೆ ಸಾಲದು, ತುಂಬಾ ತಾ ಅಂದ. ಅಂದರೆ ಮನೆ ಮನೆ ಹತ್ತಬೇಕು. ಆದರೆ ಕೇಳಬೇಕಾದದ್ದು ದುಡ್ಡಲ್ಲ, ಕಾಳಲ್ಲ, ಬರೀ ಖಾಲಿ ಭಾಂಡೆ. ಕಡುಬಡವರ ಮನೆಯಲ್ಲೂ ಅದು ಇರುತ್ತದೆ. ನೆರೆಯವರು ಕೊಟ್ಟರು. ಕೊಡದಿದ್ದರೆ ಎಣ್ಣೆ ನಿಲ್ಲಲು ಜಾಗವೇ ಇರುತ್ತಿರಲಿಲ್ಲ. ಆ ಊರಿನವರ ಬಗ್ಗೆ ನಾವು ಒಂದು ಪ್ರಸಂಗವನ್ನೂ ಮಾಡುವುದಿಲ್ಲ.

ಆಮೇಲೆ ಬಾಗಿಲು ಮುಚ್ಚಿಕೋ ಅಂತಾನೆ. ಕಷ್ಟವನ್ನು ಊರೆಲ್ಲ ನೋಡಿ ಆಗಿತ್ತು. ದೇವರು ಮಾಡುವ ಕೆಲಸವನ್ನು ಮಾತ್ರ ಆಕೆ ಮತ್ತು ಮಕ್ಕಳು ನೋಡಿದರೆ ಸಾಕು. ಒಳಗೆ ಮಕ್ಕಳು ಪಾತ್ರೆ ಎತ್ತಿಕೊಡುತ್ತಾರೆ, ತಾಯಿ ಹೊಯ್ಯುತ್ತಾಳೆ. ಸಾಲಕ್ಕೆ ಬದಲಾಗಿ ಹೋಗಬೇಕಿದ್ದ ಆ ಕೈಗಳೇ ಈಗ ಅಮ್ಮನ ಪಕ್ಕ ಕೆಲಸ ಮಾಡುತ್ತಿವೆ. ಇನ್ನೊಂದು ಪಾತ್ರೆ ಕೊಡು ಅಂದಳು. ಇಲ್ಲಮ್ಮ ಅಂದ ಮಗ. ಎಣ್ಣೆ ನಿಂತಿತು.

ಆಕೆ ಮಾರಿದಳು, ಸಾಲ ತೀರಿಸಿದಳು, ಉಳಿದದ್ದರಲ್ಲಿ ಮಕ್ಕಳನ್ನು ಸಾಕಿದಳು. ಸಾಲ ಕೊಟ್ಟವನಿಗೆ ಒಂದು ಬೈಗುಳವೂ ಇಲ್ಲ ಇಲ್ಲಿ. ಅದಕ್ಕೇ ನಾವು ಅವನನ್ನು ಮರೆತುಬಿಡುತ್ತೇವೆ. ಆದರೆ ಬಡವನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ಕೇಳಬೇಡ ಎಂದು ವಿಮೋಚನಕಾಂಡ 22 ಹೇಳುತ್ತದೆ. ಏಳನೇ ವರ್ಷಕ್ಕೆ ಸಾಲ ಬಿಟ್ಟುಬಿಡು ಎಂದು ಧರ್ಮೋಪದೇಶಕಾಂಡ 15 ಹೇಳುತ್ತದೆ. ವಿಧವೆಯ ಬಟ್ಟೆಯನ್ನೂ ಒತ್ತೆ ಇಟ್ಟುಕೊಳ್ಳಬಾರದು ಎಂದು ಅದೇ ಪುಸ್ತಕದ 24ನೇ ಅಧ್ಯಾಯದಲ್ಲಿದೆ. ಇಷ್ಟೆಲ್ಲ ಇದ್ದೂ ಅವನು ಮಕ್ಕಳ ಮೇಲೆ ಕೈ ಹಾಕಲು ಬಂದ. ದೇವರ ಜನರ ನಡುವೆ ಕಾನೂನು ನಡೆಯದೇ ಹೋದದ್ದಕ್ಕೇ ಅಲ್ಲಿ ಅದ್ಭುತ ಬೇಕಾಯಿತು ಅಂತ ನಾನು ಓದುತ್ತೇನೆ.

ನಮ್ಮ ರಾಜ್ಯದಲ್ಲೂ 2025ರ ಫೆಬ್ರವರಿಯಲ್ಲಿ ಕಿರುಸಾಲದ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ಬಂತು. 10 ವರ್ಷದವರೆಗೆ ಜೈಲು ಅಂತಿದೆ. ಅದನ್ನು ಕೂಟದಲ್ಲಿ ಹೇಳಿದಾಗ ಹೆಚ್ಚಿನವರು ಕೇಳಿಯೇ ಇರಲಿಲ್ಲ. ಇಂಥದ್ದನ್ನೂ ಸಭೆಯಲ್ಲಿ ಓದಿ ಹೇಳಬೇಕು.

ಮುಂದಿನ ಕೂಟಕ್ಕೆ ನೆಹೆಮೀಯ 5 ಇಟ್ಟುಕೊಂಡಿದ್ದೇವೆ. ಅಲ್ಲಿ ಹೊಲ ಒತ್ತೆ ಇಟ್ಟವರು, ಮಕ್ಕಳನ್ನು ಜೀತಕ್ಕೆ ಬಿಟ್ಟವರು ಕೂಗಿಕೊಳ್ಳುತ್ತಾರೆ. ಅಲ್ಲಿನ ಅಧಿಪತಿ ನೆಹೆಮೀಯ ಸಾಲ ಕೊಟ್ಟ ದೊಡ್ಡವರನ್ನೇ ಸಭೆ ಸೇರಿಸಿ ಮುಖಕ್ಕೆ ಮುಖ ಕೇಳುತ್ತಾನೆ, ಹೊಲಮನೆ ವಾಪಸ್ ಕೊಡಿಸುತ್ತಾನೆ. ಕಂತಿನ ಕಾರ್ಡ್ ಇದ್ದವರು ಸತ್ಯವೇದದ ಜೊತೆ ಅದನ್ನೂ ತನ್ನಿ ಅಂದಿದ್ದೇನೆ. ಬಡ್ಡಿಯ ಲೆಕ್ಕ ಕೂತು ಒಟ್ಟಿಗೇ ನೋಡೋಣ.