ಮುಂಭಾಗದ ಟಕ್ ಟಕ್: ಮೂರನೇ ವಾರ

ಮಳೆ ಹಿಡಿದಂದಿನಿಂದ ನಮ್ಮ ಕಾರಿನ ಮುಂಭಾಗದಲ್ಲಿ ಯಾರೋ ಕದ ತಟ್ಟುತ್ತಿದ್ದಾರೆ. ಹನ್ನೆರಡು ವರ್ಷದ ಡೀಸೆಲ್ ಹ್ಯಾಚ್‌ಬ್ಯಾಕ್, 1,34,000 ಕಿಲೋಮೀಟರ್ ಓಡಿದೆ. ಅದರಲ್ಲಿ ಅರ್ಧದಷ್ಟು ಚಿಕ್ಕಮಗಳೂರಿನಿಂದ ಆಲ್ದೂರಿನ ಕಡೆಯ ತೋಟಕ್ಕೆ ಹೋಗಿಬಂದದ್ದೇ. ಸದ್ದು ಎಡಗಡೆಯದು ಎಂದು ನಾನು, ಬಲಗಡೆಯದು ಎಂದು ಪಕ್ಕದಲ್ಲಿ ಕೂರುವ ಹೆಂಡತಿ. ತಪ್ಪು ತನ್ನ ಕಡೆಯದಲ್ಲ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿಲ್ಲ.

ಹಿಂದಿನ ಎರಡು ವಾರಗಳ ಕಥೆಯನ್ನು ಬೇಗ ಮುಗಿಸುತ್ತೇನೆ, ಹೇಳಿಕೊಳ್ಳುವಂಥದ್ದೇನೂ ಇಲ್ಲ. ಒಂದು ಗ್ಯಾರೇಜಿನವರು ಕಾರನ್ನು ಒಂದು ಸುತ್ತು ಓಡಿಸಿ, ಲೋಯರ್ ಆರ್ಮ್ ಬುಷ್ (ಚಕ್ರವನ್ನು ಕಾರಿನ ತಳಕ್ಕೆ ಹಿಡಿದಿಡುವ ತೋಳಿನ ರಬ್ಬರ್ ತುಂಡು) ಹೋಗಿದೆ ಎಂದರು. ಎರಡೂ ಕಡೆಯ ಆರ್ಮ್ ಬದಲಾದವು, ಕೂಲಿ ಸೇರಿ 6,800 ರೂಪಾಯಿ. ಹಳೆಯ ಬುಷ್‌ಗಳ ರಬ್ಬರ್ ಸೀಳಿದ್ದು ನಿಜವೇ. ಆದರೆ ಗ್ಯಾರೇಜಿನ ಗೇಟು ದಾಟಿ ಮೊದಲ ಗುಂಡಿಗೆ ಇಳಿದ ಕೂಡಲೇ ಮತ್ತೆ ಟಕ್. ಬುಷ್ ಸವೆದರೆ ಹೆಚ್ಚಾಗಿ ಬ್ರೇಕ್ ಒತ್ತುವಾಗಲೋ ಹೊರಡುವಾಗಲೋ ‘ದಡ್’ ಎಂದು ದಪ್ಪ ಸದ್ದು ಬರುತ್ತದೆ. ನನ್ನದು ಕಬ್ಬಿಣಕ್ಕೆ ಕಬ್ಬಿಣ ತಾಗುವ ತೆಳು ಸದ್ದು. ದುಡ್ಡು ಕೊಡುವ ಮೊದಲೇ ಈ ಬುದ್ಧಿ ಬರಬಹುದಿತ್ತು.

ಹಾಗಾಗಿ ಈ ವಾರ ಸ್ಪ್ಯಾನರ್ ಮುಟ್ಟದೆ, ಸದ್ದು ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂದು ಬರೆದಿಡುತ್ತಾ ಹೋದೆ. ಬೇಲೂರು ರಸ್ತೆಯ ನುಣುಪು ಡಾಂಬರಿನಲ್ಲಿ 70ರ ವೇಗದಲ್ಲೂ ಸುಳಿವಿಲ್ಲ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೂ ಇಲ್ಲ. ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಕೂಡಿದ ಕಂಬ) ಮೇಲ್ತುದಿಯ ಮೌಂಟಿಂಗ್ ಮೇಲಿನ ಅನುಮಾನ ಅಲ್ಲಿಗೆ ಇಳಿಯಿತು. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ಕಟಕಟ ಎನ್ನಲಿಲ್ಲ, ಎಂಜಿನ್ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಸಿವಿ ಜಾಯಿಂಟ್ ಪಾರಾಯಿತು. ತೋಟದ ದಾರಿಯಲ್ಲಿ ಮಾತ್ರ, 15ರ ವೇಗದಲ್ಲಿ, ಒಂದು ಚಕ್ರ ಗುಂಡಿಯಲ್ಲಿ ಇನ್ನೊಂದು ದಿಬ್ಬದ ಮೇಲೆ ಇರುವಾಗ ಟಕ್ ಟಕ್ ಟಕ್. ರಸ್ತೆ ಉಬ್ಬನ್ನು ನೇರವಾಗಿ ಹತ್ತಿದರೆ ಸದ್ದಿಲ್ಲ, ಅದೇ ಉಬ್ಬನ್ನು ಓರೆಯಾಗಿ ಹತ್ತಿದರೆ ಇದೆ. ಖಚಿತಪಡಿಸಿಕೊಳ್ಳಲು ಒಂದೇ ಉಬ್ಬನ್ನು ಆರು ಬಾರಿ ನೇರ, ಓರೆ, ನೇರ ಎಂದು ಹತ್ತಿಳಿದೆ. ಪಕ್ಕದಲ್ಲಿ ಎಳನೀರು ಮಾರುವವರು, ‘ಲೈಸೆನ್ಸ್ ಪರೀಕ್ಷೆ ಯಾವಾಗ ಸ್ವಾಮಿ?’ ಎಂದು ಕೇಳಿದರು.

ಈ ನೇರ, ಓರೆಯಲ್ಲೇ ಗುಟ್ಟು ಇದ್ದದ್ದು. ತಿರುವಿನಲ್ಲಿ ಕಾರು ವಾಲದಂತೆ ಎಡ ಬಲದ ಚಕ್ರಗಳ ಏರಿಳಿತವನ್ನು ಬೆಸೆಯುವುದು ಸ್ಟೆಬಿಲೈಸರ್ ಬಾರ್; ಅದರ ಎರಡೂ ತುದಿಗಳನ್ನು ಸ್ಟ್ರಟ್‌ಗೆ ಜೋಡಿಸುವುದು ಗೇಣುದ್ದದ ಲಿಂಕ್ ರಾಡ್. ಎರಡೂ ಚಕ್ರ ಒಟ್ಟಿಗೆ ಎದ್ದರೆ ಬಾರ್ ತನ್ನ ಬುಷ್‌ಗಳೊಳಗೆ ಸುಮ್ಮನೆ ಹೊರಳುತ್ತದೆ, ಲಿಂಕ್ ಮೇಲೆ ಹೆಚ್ಚಿನ ಭಾರ ಬೀಳುವುದಿಲ್ಲ. ಒಂದೇ ಚಕ್ರ ಎದ್ದರೆ ಬಾರ್ ತಿರುಚಿಕೊಂಡು ಲಿಂಕನ್ನು ಎಳೆಯುತ್ತದೆ, ತಳ್ಳುತ್ತದೆ. ಅದರ ತುದಿಯ ಬಾಲ್ ಜಾಯಿಂಟ್ (ಬಟ್ಟಲಲ್ಲಿ ಹೊರಳುವ ಗುಂಡಿನ ಕೀಲು) ಸವೆದಿದ್ದರೆ ಎಳೆತ ತಿರುಗುಮುರುಗಾದಾಗಲೆಲ್ಲ ಒಂದು ಟಕ್.

ಖುಷಿಯಿಂದ ಚಕ್ರವನ್ನು ಜಾಕ್ ಹಾಕಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಲಿಂಕ್ ಹಿಡಿದು ಅಲ್ಲಾಡಿಸಿದೆ. ಬಿಗಿಯೆಂದರೆ ಬಿಗಿ. ಇನ್ನೊಂದು ಬದಿಯೂ ಅಷ್ಟೇ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದೆ, ಎಡಕ್ಕೆ ಬಲಕ್ಕೆ ಅಲುಗಿಸಿದೆ. ಲೋಯರ್ ಆರ್ಮಿನ ಬಾಲ್ ಜಾಯಿಂಟೂ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡೂ ಗಟ್ಟಿಯಾಗಿದ್ದವು. ಒಂದು ಇಡೀ ಸಂಜೆ ನನ್ನ ಸಿದ್ಧಾಂತ ಸತ್ತೇ ಹೋಗಿತ್ತು. ಊಟಕ್ಕೆ ಕೂತಾಗ ಹೊಳೆಯಿತು: ಒಂದೇ ಬದಿಯನ್ನು ಎತ್ತಿದರೆ ಬಾರ್ ತಿರುಚಿಕೊಂಡೇ ಇರುತ್ತದೆ. ಆ ಎಳೆತದಲ್ಲಿ ಸವೆದ ಜಾಯಿಂಟ್ ಕೂಡ ಒಂದು ಬದಿಗೆ ಒತ್ತಿಕೊಂಡು ಬಿಗಿಯಾಗಿ ಕಾಣುತ್ತದೆ. ನಾನು ತಪ್ಪನ್ನು ಕೈಯಾರೆ ಮುಚ್ಚಿಟ್ಟು ಹುಡುಕುತ್ತಿದ್ದೆ.

ಮರುದಿನ ಕಾರನ್ನು ಸಮತಟ್ಟು ಅಂಗಳದಲ್ಲಿ ನಾಲ್ಕೂ ಚಕ್ರದ ಮೇಲೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಸ್ಟೀರಿಂಗ್ ತಿರುಗಿಸಿಟ್ಟು ಚಕ್ರದ ಹಿಂದಕ್ಕೆ ಕೈ ತೂರಿಸಿದೆ. ಭಾವ ಮೇಲಿನಿಂದ ಕಾರನ್ನು ಒತ್ತಿ ಒತ್ತಿ ಕುಣಿಸಿದರು. ಎಡಗಡೆಯ ಲಿಂಕ್ ಸುಮ್ಮನಿತ್ತು. ಬಲಗಡೆಯದರ ಕೆಳತುದಿ ನನ್ನ ಬೆರಳಿಗೇ ಟಕ್ ಎಂದು ಕುಟ್ಟಿತು. ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟು ಹರಿದು, ಗ್ರೀಸ್ ಜಾಗದಲ್ಲಿ ಕೆಮ್ಮಣ್ಣಿನ ಕೆಸರು. ಗೆದ್ದವಳು ಹೆಂಡತಿ. ನನ್ನ ಕಾಲ ಕೆಳಗಿನದೇ ನನಗೆ ಕೇಳಿಸಿರಲಿಲ್ಲ.

ಈ ಬಾರಿ ಅವಸರ ಮಾಡಲಿಲ್ಲ. ಎರಡೂ ಲಿಂಕ್ ಬಿಚ್ಚಿಟ್ಟು ತೋಟದ ದಾರಿಯಲ್ಲಿ ನಿಧಾನವಾಗಿ ಒಂದು ಸುತ್ತು ಬಂದೆ. ತಿರುವಿನಲ್ಲಿ ಕಾರು ಹುಲ್ಲಿನ ಲಾರಿಯಂತೆ ವಾಲಿತು, ಆದರೆ ಟಕ್ ಇಲ್ಲ. ಹೀಗೆ ಬಿಚ್ಚಿಕೊಂಡು ಘಾಟಿ ರಸ್ತೆಗೆ ಹೋಗಬಾರದು, ಪರೀಕ್ಷೆಗಷ್ಟೇ. ಅಂದಹಾಗೆ ಬಿಚ್ಚುವುದೇ ದೊಡ್ಡ ಕೆಲಸವಾಗಿತ್ತು: ನಟ್ ತಿರುಗಿಸಿದರೆ ಒಳಗಿನ ಬಾಲ್ ಕೂಡ ಜೊತೆಗೇ ತಿರುಗುತ್ತದೆ. ಬೋಲ್ಟಿನ ತುದಿಯನ್ನು ಅಲೆನ್ ಕೀಯಿಂದ ಹಿಡಿದು ನಟ್ಟನ್ನು ರಿಂಗ್ ಸ್ಪ್ಯಾನರಿನಿಂದ ಬಿಡಿಸಬೇಕು. ತುಕ್ಕು ಹಿಡಿದ ಬಲಗಡೆಯದು ರಾತ್ರಿಯಿಡೀ ಎಣ್ಣೆ ಕುಡಿದೂ ಜಗ್ಗದೆ, ಕೊನೆಗೆ ಗರಗಸಕ್ಕೆ ಬಲಿಯಾಯಿತು.

ಹೊಸ ಜೋಡಿ 1,300 ರೂಪಾಯಿ. ಹಾಕುವಾಗ ಎರಡೂ ಚಕ್ರಗಳನ್ನು ಒಂದೇ ಎತ್ತರದಲ್ಲಿಟ್ಟರೆ ಬಾರ್ ತಿರುಚಿಕೊಳ್ಳದೆ ರಂಧ್ರಕ್ಕೆ ರಂಧ್ರ ತಾನೇ ಕೂರುತ್ತದೆ.

ಈಗ ಆಲ್ದೂರು ರಸ್ತೆ ಬಹುಪಾಲು ನಿಶ್ಶಬ್ದ. ಬಹುಪಾಲು ಎಂದೆ, ಏಕೆಂದರೆ ದೊಡ್ಡದು ಹೋದ ಮೇಲೆ ಅದರ ನೆರಳಿನಲ್ಲಿದ್ದ ಸಣ್ಣದೊಂದು ಕಿಣಿಕಿಣಿ ಕೇಳುತ್ತಿದೆ. ಬ್ರೇಕನ್ನು ಹಗುರವಾಗಿ ಮುಟ್ಟಿದರೆ ಅದು ನಿಲ್ಲುತ್ತದೆ, ಬಿಟ್ಟರೆ ಮತ್ತೆ ಶುರು. ಬ್ರೇಕ್ ಪ್ಯಾಡನ್ನು ಒತ್ತುವ ಕ್ಯಾಲಿಪರಿನ ಪಿನ್ ಒಣಗಿರಬೇಕು, ಇಲ್ಲವೇ ಪ್ಯಾಡಿನ ಕ್ಲಿಪ್ ಸಡಿಲವಾಗಿರಬೇಕು. ಭಾನುವಾರ ಚಕ್ರ ಬಿಚ್ಚುತ್ತೇನೆ. ಯಾವ ಕಡೆಯದು ಎಂದು ಹೆಂಡತಿಯನ್ನು ಮೊದಲೇ ಕೇಳಿಟ್ಟುಕೊಂಡಿದ್ದೇನೆ: ಎಡ.